ಬೇರು ಬಿಡುವ ತನಕ

ಮೀನಿನ ತೊಟ್ಟಿ ನಮ್ಮ ಮನೆಗೆ ಬಂದದ್ದು ಮೀನಿನ ಮೇಲಿನ ಪ್ರೀತಿಯಿಂದಲ್ಲ, ವಾಸ್ತುವಿನ ಭಯದಿಂದ. ದೊಡ್ಡಬಳ್ಳಾಪುರದಲ್ಲಿ ನೇಕಾರರ ಬೀದಿಗಳು ಮುಗಿದು ಹೊಸ ಲೇಔಟು ಶುರುವಾಗುವ ಕಡೆ ಅಪ್ಪ ಕಟ್ಟಿಸಿದ ಮನೆ ನಮ್ಮದು. ತಿನ್ನುವ ರಾಗಿ ಊರಿನ ಹೊಲದಿಂದ ಬರುತ್ತಿತ್ತು, ಸಂಬಳ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಿಂದ. ಗೃಹಪ್ರವೇಶವಾದ ವರ್ಷವೇ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು, ಶಿಫ್ಟ್ ಮುಗಿಸಿ ಬರುತ್ತಿದ್ದ ಅಪ್ಪನ ಬೈಕು ಟೆಂಪೋಗೆ ತಾಗಿತು. ಮನೆ ನೋಡಲು ಬಂದ ವಾಸ್ತುವಿನವರು ಹಾಲಿನ ನಡುವೆ ನಿಂತು, ಈಶಾನ್ಯದಲ್ಲಿ ನೀರಿರಬೇಕು, ಜೀವ ಇರುವ ನೀರು, ಅಂದರು. ನಮ್ಮ ಈಶಾನ್ಯದ ಮೂಲೆಯಲ್ಲಿ ಕಿಟಕಿಯ ಬೆಳಕಿಗೆ ಅಮ್ಮ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಮಿಷನ್ ಸಾಮಾನಿನ ಕೋಣೆಗೆ ಹೋಯಿತು, ಆ ಜಾಗಕ್ಕೆ ಗಾಜಿನ ತೊಟ್ಟಿ ಬಂತು. ಅವತ್ತಿನಿಂದ ಅಮ್ಮ ಆ ತೊಟ್ಟಿಯ ನೀರಿಗೆ ಕೈ ಅದ್ದಲಿಲ್ಲ. ಗಾಜಿನ ಮೇಲಿನ ಧೂಳು ಕೂಡ ಅವಳ ಬಟ್ಟೆಗೆ ಸಿಗುತ್ತಿರಲಿಲ್ಲ. ಸುತ್ತ ಒರೆಸಿ ಅದೊಂದನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಸಿಟ್ಟು ಹೀಗೆ ಇರುತ್ತಿತ್ತು. ಬಾಯಿಗೆ ಬರುತ್ತಿರಲಿಲ್ಲ, ಯಾವುದಾದರೊಂದು ಸಾಮಾನಿನ ಮೇಲೆ ಹೋಗಿ ಕೂರುತ್ತಿತ್ತು.

ಮೀನುಗಳು ಬರುತ್ತಿದ್ದವು, ಸಾಯುತ್ತಿದ್ದವು. ತೊಟ್ಟಿಯಲ್ಲಿ ಅಪ್ಪ ನೆಟ್ಟದ್ದು ಪ್ಲಾಸ್ಟಿಕ್ ಗಿಡಗಳು, ಒಂದು ಗುಲಾಬಿ, ಒಂದು ನೀಲಿ. ಪಕ್ಕದ ಬೀದಿಯ ಮಗ್ಗಗಳ ಖಟಕಟ ನಮ್ಮ ಕಿವಿಗೆ ಅಭ್ಯಾಸವಾಗಿತ್ತು, ನೀರಿಗೆ ಆಗಿರಲಿಲ್ಲ. ಮಗ್ಗ ಓಡುವಷ್ಟು ಹೊತ್ತೂ ಅದರ ಮೇಲ್ಭಾಗ ಸಣ್ಣಗೆ ನಡುಗುತ್ತಿತ್ತು. ಕರೆಂಟು ಹೋದಾಗ ಮಗ್ಗದ ಜೊತೆಗೆ ಗಾಳಿಯ ಮೋಟಾರೂ ನಿಂತು, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಒಂದು ತೇಲುತ್ತಿರುತ್ತಿತ್ತು. ನಾನು ಅಳುತ್ತಿದ್ದೆ. ಅಜ್ಜಿ ಮೊರದ ಮುಂದೆ ಕೂತಲ್ಲಿಂದಲೇ ಸಮಾಧಾನ ಹೇಳುತ್ತಿದ್ದಳು.

"ಸಾಯ್ಲಿ ಬುಡು ಪುಟ್ಟಿ. ಮನೇಗ್ ಬರೋ ಕಂಟಕ ಅದ್ರ ಮ್ಯಾಲ್ ಹೋಯ್ತು. ಅದಕ್ಕೇ ಅಲ್ವಾ ತಂದಿರೋದು."

ಯಾರಿಗೋ ಬರಬೇಕಾದ ಕಷ್ಟವನ್ನು ಇನ್ಯಾರೋ ಸದ್ದಿಲ್ಲದೆ ಹೊತ್ತು ಸಾಯಬೇಕು ಎಂಬುದು ನಾಲ್ಕನೇ ಕ್ಲಾಸಿನ ನನಗೆ ಅನ್ಯಾಯ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಆ ವರ್ಷ ಆಷಾಢಕ್ಕೆ ಗಿರಿಜತ್ತೆ ಬಂದಳು. ಅಪ್ಪನ ಒಬ್ಬಳೇ ತಂಗಿ. ಬೇಸಿಗೆಯಲ್ಲಿ ಮದುವೆಯಾಗಿ ಸೂಲಿಬೆಲೆ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದಳು; ಕೊಟ್ಟಿಗೆ ತುಂಬ ಸೀಮೆಹಸು, ಡೈರಿಗೆ ಹಾಲು ಹಾಕುವ ದೊಡ್ಡ ಮನೆ. ಫ್ಯಾಕ್ಟರಿಯ ಗೆಳೆಯರೊಬ್ಬರ ಮೂಲಕ ಅಪ್ಪನೇ ನೋಡಿ ಕೊಟ್ಟ ಸಂಬಂಧ. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿರಬಾರದು, ತವರಿಗೆ ಬರಬೇಕು, ಶ್ರಾವಣ ಬಂದಮೇಲೆ ಹೋಗಬೇಕು. ಹಾಗೆ ಬಂದವಳು. ಮದುವೆಗೆ ಮುಂಚೆ ಅವಳು ನಕ್ಕರೆ ಬೀದಿಗೆ ಕೇಳುತ್ತಿತ್ತು, ಸೀಟಿ ಹೊಡೆದು ಅಜ್ಜಿಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದಳು. ಈಗ ಬಂದವಳು ಬ್ಯಾಗನ್ನು ನಡುಮನೆಯ ಮೂಲೆಗೆ ಒತ್ತರಿಸಿ ತೊಟ್ಟಿಯ ಮುಂದೆ ಕೂತುಬಿಟ್ಟಳು. ಸಂಜೆ ಅಮ್ಮ ರಾಗಿ ಮುದ್ದೆ ತಿರುವುತ್ತ, ನನಗೆ ಹೇಳುವಂತೆ ಗೋಡೆಗೆ ಹೇಳಿದಳು.

"ಒಂದು ತಿಂಗಳಿಗೆ ಬಂದೋಳು ಸ್ವೆಟರ್ ಯಾಕ್ ತಂದಿದ್ದಾಳೆ?"

ತೊಟ್ಟಿಯೊಳಗಿನ ಗುಲಾಬಿ ಗಿಡವನ್ನು ಮೊದಲು ಕಿತ್ತವಳು ಅತ್ತೆ. ಮೀನಿಗೆ ಪ್ಲಾಸ್ಟಿಕ್ ತೋರಿಸಿ ಯಾಕೆ ಮೋಸ ಮಾಡುತ್ತೀರಿ ಅಂದಳು. ಪಿಯುಸಿಯಲ್ಲಿ ಸೈನ್ಸ್ ಓದಿದವಳು, ಆದರೆ ನೀರಿನ ಗಿಡದ ಬಗ್ಗೆ ಅವಳಿಗೂ ಏನೂ ಗೊತ್ತಿರಲಿಲ್ಲ, ತಪ್ಪು ಮಾಡಿ ಮಾಡಿಯೇ ಕಲಿತಳು. ಮೊದಲು ನಾವಿಬ್ಬರೂ ಕೆರೆಗೆ ಹೋಗಿ, ನೀರೊಳಗೆ ಉದ್ದುದ್ದ ಬೆಳೆಯುವ ಜೊಂಡನ್ನು ಬಕೆಟ್ಟಿನಲ್ಲಿ ತಂದೆವು. ಅದರ ಜೊತೆಗೆ ಬಸವನಹುಳ ಬಂದವು, ಯಾವುದೋ ಕಪ್ಪು ಹುಳ ಬಂದು ಅಪ್ಪನ ಮೀನುಮರಿಗಳನ್ನು ತಿಂದು ಮುಗಿಸಿತು. ಆಮೇಲೆ, ಕೆರೆಯಿಂದ ತಂದದ್ದನ್ನು ಬೇರೆ ಬಕೆಟ್ಟಿನಲ್ಲಿ ಕೆಲವು ದಿನ ಇಟ್ಟು, ತೊಳೆದು, ನೋಡಿ ಹಾಕಬೇಕು ಎಂದು ಗೊತ್ತಾಯಿತು. ಪೇಟೆಯ ಅಂಗಡಿಯಿಂದ ತಂದ ಕೆಂಪೆಲೆಯ ಗಿಡ ವಾರದಲ್ಲಿ ಕೊಳೆಯಿತು. ನಮ್ಮ ಬೋರ್‌ವೆಲ್ ನೀರು ಗಡುಸು, ಹಂಡೆಯ ಒಳಗೆ ಬಿಳಿ ಹೆಕ್ಕಳಿಕೆ ಕಟ್ಟುವ ನೀರು. ಆ ಗಿಡಕ್ಕೆ ಮೆದು ನೀರು ಬೇಕಿತ್ತಂತೆ. ರಿಬ್ಬನ್ನಿನಂಥ ಎಲೆಯ ಹುಲ್ಲೊಂದು ಮಾತ್ರ ನಮ್ಮ ನೀರಿಗೆ ಹೆದರದೆ ನಿಂತಿತು. ನೀರಿಗೆ ತಕ್ಕ ಗಿಡ ತರಬೇಕೇ ಹೊರತು ಗಿಡಕ್ಕೆ ತಕ್ಕಂತೆ ನೀರನ್ನು ತಿದ್ದುತ್ತ ಕೂರಲು ಆಗುವುದಿಲ್ಲ ಎಂದು ಅತ್ತೆ ಅವತ್ತು ಹೇಳಿದ್ದು ನೆನಪಿದೆ. ಬುಡಕ್ಕೆ ಏನು ಹಾಕುವುದು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಅಜ್ಜಿಯಿಂದ ಬಂತು. ಬರೀ ಮರಳಲ್ಲಿ ಏನು ಬೆಳೆಯುತ್ತದೆ, ಕೆರೆಗೋಡು ಹಾಕು, ನಾವು ಹೊಲಕ್ಕೆ ಹೊಡೆಯುತ್ತಿದ್ದದ್ದು ಅದೇ ತಾನೆ, ಅಂದಳು. ಹಾಗೆ ಕೆರೆಯ ಹೂಳನ್ನು ಒಣಗಿಸಿ, ಜರಡಿ ಹಿಡಿದು, ಕೆಳಗೆ ಹಾಸಿ, ಮೇಲೆ ಮರಳು ಮುಚ್ಚಿದೆವು. ತಾಯಿ ಮಗಳು ಜೊತೆಗೆ ಕೂತು ಮಾಡಿದ ಕೆಲಸ ಅದೊಂದೇ. ಆ ಹೊತ್ತಿನಲ್ಲಿ ಇಬ್ಬರೂ ಗಂಡನ ಮನೆಯ ಮಾತು ಎತ್ತಲಿಲ್ಲ.

ಬೇರೆ ಹೊತ್ತಿನಲ್ಲಿ ಅಜ್ಜಿ ಅದನ್ನು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಶ್ರಾವಣ ಬಂದಿತ್ತು. ಊಟಕ್ಕೆ ಕೂತಾಗ, ಮುದ್ದೆ ಮುರಿದು ಬಸ್ಸಾರಿಗೆ ಅದ್ದುತ್ತ ಶುರುಮಾಡುವಳು.

"ಹೆಣ್ಣು ಅಂದ್ರೆ ರಾಗಿ ಪೈರಿದ್ದಂಗೆ ಕಣೇ. ಒಟ್ಲಲ್ಲಿ ಬೆಳೆಸಿ, ಕಿತ್ತು, ಇನ್ನೊಂದ್ ಹೊಲಕ್ಕೆ ನಾಟಿ ಹಾಕಿದ್ರೇನೇ ತೆನೆ. ಒಟ್ಲಲ್ಲೇ ಬುಟ್ರೆ ಹುಲ್ಲಾಯ್ತದೆ."

"ಎಲ್ಲಾ ಗಿಡಾನೂ ರಾಗಿ ಅಲ್ಲಮ್ಮ," ಅನ್ನುತ್ತಿದ್ದಳು ಅತ್ತೆ, ತಟ್ಟೆ ನೋಡುತ್ತ.

ಅಪ್ಪ ಇಬ್ಬರಿಗೂ ಸೇರಿಸಿ ಸಾಕು ಅನ್ನುತ್ತಿದ್ದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಸಾರು ಬಡಿಸಿಕೊಳ್ಳುವ ರೀತಿಯಲ್ಲೇ ಅದು ಕೇಳುತ್ತಿತ್ತು. ಸಂಬಂಧ ತಂದವನು ಅವನು. ಅದು ಸರಿಯಿಲ್ಲ ಎಂದರೆ ತಪ್ಪಿದವನು ಅವನೇ ಆಗುತ್ತಿದ್ದ. ಯಾಕೆ ಹೋಗುವುದಿಲ್ಲ ಎಂದು ಅತ್ತೆಯನ್ನು ಯಾರೂ ಕೇಳಲಿಲ್ಲ. ಯಾವಾಗ ಹೋಗುತ್ತೀಯ ಎಂದಷ್ಟೇ ಕೇಳಿದರು.

ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಬೆಂಗಳೂರಿಗೆ, ಮೀನಿನ ದೊಡ್ಡ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದ. ತಂಗಿಗೆ ಕೊನೆಯದಾಗಿ ಒಂದು ಆಸೆ ತೀರಿಸಿ ಕಳಿಸೋಣ ಎಂದಿರಬೇಕು. ಸಾಲುಸಾಲು ತೊಟ್ಟಿ, ಹಸಿರು ಬೆಳಕು, ಗುಂಯ್ ಎನ್ನುವ ಮೋಟಾರುಗಳು. ಬೇಗ ಬೆಳೆಯುವ ಗಿಡಗಳನ್ನು ಅಂಗಡಿಯವರು ಒಂದೊಂದಾಗಿ ತೋರಿಸಿದರು. ಅತ್ತೆ ಮೂಲೆಯ ಒಂದು ಗಿಡದ ಮುಂದೆ ನಿಂತಳು. ಗಿಡ್ಡನೆಯದು, ಕಂದು ಮಿಶ್ರಿತ ಹಸಿರಿನ ಎಲೆ, ಅಂಚು ಅಲೆಅಲೆ. ಕ್ರಿಪ್ಟ್ ಅಂತ ಅದರ ಹೆಸರು.

"ಅದು ಬೇಡ ಮೇಡಂ, ಕಾಟ ಕೊಡುತ್ತೆ," ಅಂದರು ಅಂಗಡಿಯವರು. "ಗಡಸು ನೀರಿಗೆ ಆಗುತ್ತೆ, ಅದೇನೋ ಸರಿ. ಆದ್ರೆ ಜಾಗ ಬದಲಾಯಿಸಿದ್ರೆ ಆಗಿಬರಲ್ಲ. ಹಾಕಿದ ಸ್ವಲ್ಪ ದಿನಕ್ಕೆ ಎಲೆ ಎಲ್ಲಾ ಕರಗಿ ಹೋಗುತ್ತೆ. ಜನ ಸತ್ತೋಯ್ತು ಅಂತ ಬಿಸಾಕ್ತಾರೆ. ಬೇರು ಇರುತ್ತೆ, ಮುಟ್ಟದೆ ಬಿಟ್ರೆ ನಿಧಾನಕ್ಕೆ ಬರುತ್ತೆ."

"ಎಷ್ಟು ನಿಧಾನ?" ಅತ್ತೆ ಕೇಳಿದಳು.

"ಅದರ ಇಷ್ಟ ಮೇಡಂ."

ಅತ್ತೆ ಅದನ್ನೇ ಕೊಡಿ ಅಂದಳು. ಅವಳು ಇಡೀ ಅಂಗಡಿಯಲ್ಲಿ ಹುಡುಕಿದ್ದು ಚೆಂದದ ಗಿಡವನ್ನಲ್ಲ, ತಡವಾಗಿ ಬೆಳೆಯುವ ಗಿಡವನ್ನು. ಬಸ್ಸಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಅವತ್ತು ಅವಳ ಮುಖದಲ್ಲಿ ಹಳೆಯ ಗಿರಿಜತ್ತೆ ಸ್ವಲ್ಪ ಕಂಡಳು, ನನಗೆ ಖುಷಿಯಾಯಿತು.

ಗಿಡ ನೆಟ್ಟ ಮಾರನೆಯ ದಿನವೇ ಅತ್ತೆಯ ಗಂಡ, ನನ್ನ ಮಾವನೂ, ಮಾವನ ತಂದೆಯೂ ಬಂದರು. ಮಾವ ನೋಡಲು ಮೆತ್ತಗೆ; ನನಗೆ ಚಾಕಲೇಟು ತಂದಿದ್ದ, ಅಜ್ಜಿಯ ಕಾಲಿಗೆ ಬಿದ್ದ. ಅಮ್ಮ ಪಾಯಸ ಮಾಡಿದಳು. ಎಲೆ ಅಡಿಕೆ ಹಾಕಿಕೊಳ್ಳುವಾಗ ಮಾವನ ತಂದೆ ವಿಷಯಕ್ಕೆ ಬಂದರು.

"ಆಷಾಢ ಕಳ್ದು ಎಷ್ಟ್ ದಿನ ಆಯ್ತು. ಸೊಸೇನ ಕಳಿಸ್ಕೊಡಿ. ಹಾಲು ಕರ್ಯೋಕೆ ಕೈ ಸಾಲ್ತಿಲ್ಲ."

ತೊಟ್ಟಿಯ ಪಕ್ಕ ನಿಂತಿದ್ದ ಅತ್ತೆ, ಯಾರನ್ನೂ ನೋಡದೆ ಹೇಳಿದಳು.

"ಗಿಡ ಈಗ ತಾನೆ ನೆಟ್ಟಿದ್ದೀನಿ. ಬೇರು ಬಿಡ್ಲಿ, ಹೋಗ್ತೀನಿ."

ಹಾಲಿನಲ್ಲಿದ್ದವರೆಲ್ಲ ನಕ್ಕರು. ಅಪ್ಪನಿಗೆ ನಾಲ್ಕು ಜನರ ಮುಂದೆ ದೊಡ್ಡ ಮನಸ್ಸು ತೋರಿಸುವುದು ಇಷ್ಟ, ಮತ್ತು ಕೊಟ್ಟ ಮಾತಿಗೆ ತಪ್ಪದವನು ಎಂಬ ಹೆಸರು ಅದಕ್ಕಿಂತ ಇಷ್ಟ. ಫ್ಯಾಕ್ಟರಿಯಲ್ಲಿ ಅವನ ಮೇಲಿನವರೂ ಕೆಳಗಿನವರೂ ಅವನ ಬಗ್ಗೆ ಹೇಳುತ್ತಿದ್ದದ್ದು ಅದೊಂದೇ.

"ಆಯ್ತು ಬಿಡಿ ಯಜಮಾನ್ರೇ. ನನ್ ತಂಗಿ ಬಾಯ್ಬಿಟ್ಟು ಒಂದ್ ಕೇಳಿದ್ದಾಳೆ. ಹೆಂಗೂ ಗೌರಿ ಹಬ್ಬ ಬಂತು, ಬಾಗಿನ ಕೊಟ್ಟೇ ಕಳಿಸ್ಬೇಕು. ಗಿಡ ಬೇರು ಬಿಡ್ಲಿ, ಆಮೇಲೆ ಒಂದ್ ದಿನಾನೂ ಇಟ್ಕೊಳಲ್ಲ. ಮಾತು ಅಂದ್ರೆ ಮಾತು."

ಮಾವನೂ ನಕ್ಕ. ನಗುತ್ತ ಅತ್ತೆಯನ್ನು ನೋಡಿದ. ಅತ್ತೆ ಗಾಜಿನ ಕಡೆ ತಿರುಗಿಕೊಂಡಳು.

ಗಿಡ ಅಂಗಡಿಯವರು ಹೇಳಿದಂತೆಯೇ ಕರಗಿತು. ಮೊದಲು ಅಂಚು ಪಾರದರ್ಶಕವಾಯಿತು, ಆಮೇಲೆ ಎಲೆ ಎಲೆಯೇ ಲೋಳೆಯಾಗಿ ಬಿತ್ತು. ಅತ್ತೆ ಸತ್ತ ಎಲೆಗಳನ್ನು ಮಾತ್ರ ಎತ್ತಿ ಹಾಕಿ, ಬುಡವನ್ನು ಮುಟ್ಟಲಿಲ್ಲ. ಬರಿದಾದ ಮರಳಿನ ಮುಂದೆ ದಿನಾ ಕೂರುತ್ತಿದ್ದಳು. ನಾನೂ ಹೋಂವರ್ಕ್ ಪುಸ್ತಕ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಗಿಡ ಚಿಗುರಲಿ ಎಂದು ನಾನು ದೇವರಿಗೆ ಕೈಮುಗಿದಾಗ ಅವಳು ನನ್ನ ಕೈ ಹಿಡಿದು ಇಳಿಸಿದಳು. ಯಾಕೆ ಎಂದು ಆಗ ತಿಳಿಯಲಿಲ್ಲ.

ತಿಳಿದದ್ದು ಗೌರಿ ಹಬ್ಬದ ಹಿಂದಿನ ದಿನ. ಅಜ್ಜಿ ಮಗಳಿಗೆ ಎಣ್ಣೆನೀರು ಹಾಕುತ್ತಿದ್ದಳು. ಬಚ್ಚಲು ತುಂಬ ಹೊಗೆ, ಹಂಡೆಯ ನೀರಿನ ಆವಿ. ಸೀಗೆಪುಡಿಯ ಬಟ್ಟಲು ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆಯ ಬೆನ್ನಿನ ಮೇಲೆ ಅಡ್ಡಡ್ಡ ಕಪ್ಪು ಗೆರೆಗಳಿದ್ದವು, ವಾಸಿಯಾಗಿ ಹೆಕ್ಕಳಿಕೆ ಉದುರಿದ ಗೆರೆಗಳು. ಎಣ್ಣೆ ತಿಕ್ಕುತ್ತಿದ್ದ ಅಜ್ಜಿಯ ಕೈ ನಿಂತಿತು.

"ಏನೇ ಇದು?"

"ಹಸು ಒದೀತು."

ಅಜ್ಜಿ ಒಂದು ಗೆರೆಯ ಉದ್ದಕ್ಕೂ ಬೆರಳೆಳೆದಳು.

"ಹುಟ್ಟಿದಾಗ್ಲಿಂದ ಹಸ ಕಟ್ಟಿದೀನಿ ನಾನು. ಇದು ಹಸ ಒದ್ದಿರಾದಲ್ಲ. ಹಸ ಕಟ್ಟೋ ಹಗ್ಗ."

"ಅಣ್ಣಂಗ್ ಹೇಳ್ಬೇಡ. ಹೇಳಿದ್ರೆ ಜಗಳಕ್ಕೆ ಹೋಗ್ತಾನೆ. ಇಲ್ಲಾ, ಹೋಗಲ್ಲ. ಎರಡೂ ನಂಗೆ ತಡ್ಕೊಳ್ಳೋಕಾಗಲ್ಲ. ನಿನ್ ಆಣೆ."

ಅಜ್ಜಿ ನನ್ನ ಕಡೆ ತಿರುಗಿ, ನೀನೇನೂ ನೋಡಿಲ್ಲ, ಬಟ್ಟಲು ಇಟ್ಟು ಹೋಗು ಅಂದಳು. ನಾನು ಹೋದೆ. ಅವತ್ತಿನಿಂದ ಅಜ್ಜಿ ರಾಗಿ ಪೈರಿನ ಮಾತು ನಿಲ್ಲಿಸಿದಳು. ಹಬ್ಬದ ದಿನ ಬಾಗಿನದ ಮೊರಕ್ಕೆ ಬೇಳೆ, ಬೆಲ್ಲ, ಬಳೆ ಜೋಡಿಸಿದವಳು ಎಲ್ಲವನ್ನೂ ತೆಗೆದು ಮತ್ತೆ ಮೊದಲಿಂದ ಜೋಡಿಸಿದಳು. ನನಗೆ ಊಟ ಸೇರುತ್ತಿರಲಿಲ್ಲ, ಶಾಲೆಯಲ್ಲಿ ಹೇಳಿಕೊಟ್ಟದ್ದು ತಲೆಗೆ ಹೋಗುತ್ತಿರಲಿಲ್ಲ. ಮಾವ ತಂದ ಚಾಕಲೇಟು ಪುಸ್ತಕದ ಕಪಾಟಿನಲ್ಲಿ ಹಾಗೇ ಇತ್ತು, ಅದಕ್ಕೆ ಇರುವೆ ಮುತ್ತಿದ್ದವು.

ಗೌರಿ ಹಬ್ಬ ಮುಗಿದು ಪಿತೃಪಕ್ಷ ಬಂತು. ಪಕ್ಷದಲ್ಲಿ ಹೆಣ್ಣುಮಗಳನ್ನು ಕಳಿಸುವ ಹಾಗಿಲ್ಲ, ಅದೂ ಒಂದು ಉಸಿರು ಬಿಡುವ ಅವಕಾಶ. ಆದರೆ ಗಿಡಕ್ಕೆ ಪಂಚಾಂಗ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಮರಳಿನಿಂದ ಸೂಜಿಯಂಥ ಎಲೆ ಎದ್ದಿತ್ತು, ಅದರ ಹಿಂದೆಯೇ ಇನ್ನೆರಡು. ಮೀನಿಗೆ ಕಾಳು ಹಾಕಲು ಬಂದ ಅಪ್ಪನೇ ನೋಡಿದ್ದು. ಅವನ ಸಂತೋಷ ನಿಜವಾದದ್ದು. ಎಲ್ಲರನ್ನೂ ಕರೆದು ತೋರಿಸಿದ. ಆಮೇಲೆ ಅತ್ತೆಯ ತಲೆಯ ಮೇಲೆ ಕೈಯಿಟ್ಟ.

"ನೋಡಮ್ಮ. ಎಲೆ ಎಲ್ಲಾ ಕರಗಿಹೋಗಿತ್ತು, ಸತ್ತೇ ಹೋಯ್ತು ಅಂದ್ಕೊಂಡಿದ್ವಿ. ಈಗ ಹೆಂಗೆ ಬಂತು? ಹೊಸ ಜಾಗ ಅಂದ್ರೆ ಹಂಗೇ. ಸ್ವಲ್ಪ ದಿನ ತಡ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ."

ಅತ್ತೆ ಆರಿಸಿ ತಂದ ಗಿಡವೇ ಅವಳ ವಿರುದ್ಧ ಸಾಕ್ಷಿ ನುಡಿದಿತ್ತು. ಅಪ್ಪ ಸೂಲಿಬೆಲೆಗೆ ಫೋನ್ ಮಾಡಿ, ಅಮಾವಾಸ್ಯೆ ಕಳೆದ ಮಾರನೆಯ ದಿನ ಬಂದು ಕರೆದುಕೊಂಡು ಹೋಗಿ ಅಂದ. ಮಧ್ಯಾಹ್ನ ಅತ್ತೆ ನಡುಮನೆಯಲ್ಲಿ ಕೂತು ಸ್ವೆಟರನ್ನು ಮಡಿಚಿ ಬ್ಯಾಗಿನ ತಳಕ್ಕೆ ಹಾಕಿದಳು. ಹೆಸರುಕಾಳು ಆರಿಸುತ್ತಿದ್ದ ಅಜ್ಜಿ ಅದನ್ನು ನೋಡಿದಳು. ಕಲ್ಲು ಯಾವುದು ಕಾಳು ಯಾವುದು ಎಂದು ಕಾಣದವಳಂತೆ ಬಹಳ ಹೊತ್ತು ಮೊರದೊಳಗೆ ಬೆರಳಾಡಿಸಿದಳು.

ಆ ಸಲ ಮಹಾಲಯ ಅಮಾವಾಸ್ಯೆಗೆ ಸೂರ್ಯಗ್ರಹಣ. ನಮ್ಮ ಮನೆಯಲ್ಲಿ ಗ್ರಹಣ ಎಂದರೆ ಅಜ್ಜಿಯ ರಾಜ್ಯ. ಹಿರಿಯರಿಗೆ ಎಡೆ ಇಡುವುದನ್ನು ಮೊದಲೇ ಮುಗಿಸಿಬಿಟ್ಟಿದ್ದಳು. ಉಪ್ಪಿನಕಾಯಿಗೆ, ತುಪ್ಪಕ್ಕೆ, ಹಿಟ್ಟಿನ ಡಬ್ಬಕ್ಕೆ ದರ್ಭೆ ಹಾಕಿದಳು. ಬಾಗಿಲು ಹಾಕಿ ಎಲ್ಲರೂ ಒಳಗೆ. ಮಗ್ಗಗಳೂ ನಿಂತಿದ್ದವು, ತೊಟ್ಟಿಯ ನೀರು ಹಗಲಿನಲ್ಲೂ ನಡುಗದೆ ನಿಂತಿತ್ತು. ಗ್ರಹಣ ಬಿಟ್ಟಮೇಲೆ ಮನೆಯಲ್ಲಿ ನಿಂತ ನೀರು ಒಂದು ತೊಟ್ಟೂ ಉಳಿಯಬಾರದು, ಹಂಡೆ, ಕೊಡ, ಬಿಂದಿಗೆ ಎಲ್ಲ ಚೆಲ್ಲಿ, ತೊಳೆದು, ಹೊಸ ನೀರು ತುಂಬಬೇಕು. ಅಪ್ಪ ಸ್ನಾನ ಮಾಡಿ ದೇವಸ್ಥಾನಕ್ಕೆ ಹೋದ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಂದಿಗೆಗಳನ್ನೆಲ್ಲ ಬೋರಲು ಹಾಕಿದವಳು ಬಕೆಟ್ಟು ಹಿಡಿದು ನೇರವಾಗಿ ಹಾಲಿಗೆ ಬಂದಳು.

"ಅಮ್ಮ, ಅದು ಮೀನಿನ ನೀರು," ಅಂದಳು ಅತ್ತೆ.

"ನೀರು ನೀರೇ. ಗ್ರಹಣಕ್ಕೆ ಮೀನಿಂದು ಮನುಷ್ರುದು ಅಂತ ಐತಾ?"

ಮೀನುಗಳು ಚೊಂಬಿಗೆ ಹೋದವು. ಇನ್ನೊಂದರಲ್ಲಿ ಚೊಂಬು ಚೊಂಬಾಗಿ ನೀರು ಬಕೆಟ್ಟಿಗೆ, ಬಕೆಟ್ಟಿನಿಂದ ಅಂಗಳಕ್ಕೆ. ಕೆರೆಗೋಡು ಕದಡಿ ಗಾಜೆಲ್ಲ ಕೆಸರು. ಬಚ್ಚಲಲ್ಲಿ ಬಿದ್ದು ಸೊಂಟ ನೋಯಿಸಿಕೊಂಡಿದ್ದ ಆ ಮುದುಕಿ, ಒಳಗೆ ಬಗ್ಗಿ, ಚಿಗುರಿದ ಗಿಡವನ್ನು ಬುಡಸಮೇತ ಕಿತ್ತು, ಬೇರಿಗಂಟಿದ ಮಣ್ಣೆಲ್ಲ ಹೋಗುವಂತೆ ಅರಿಶಿನದ ನೀರಲ್ಲಿ ಅಲ್ಲಾಡಿಸಿ ತೊಳೆದಳು. ಅತ್ತೆ ಮೊದಲು ಎರಡು ಹೆಜ್ಜೆ ಮುಂದೆ ಬಂದವಳು ತಾಯಿಯ ಮುಖ ನೋಡಿ ನಿಂತಳು. ನನಗೂ ಆಗ ಅರ್ಥವಾಯಿತು. ಗಿಡದ ಬುಡ ಕೆದಕಬಾರದು ಎಂದು ಅತ್ತೆ ದಿನಾ ಎಲ್ಲರಿಗೂ ಹೇಳುತ್ತಿದ್ದದ್ದು ಅಜ್ಜಿಯ ಕಿವಿಗೆ ಬೀಳದೆ ಇರಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ, ಮಗಳು ಇಟ್ಟ ಆಣೆಯೂ ಕೆಡದ ಹಾಗೆ, ಅವಳಿಗೆ ಕಂಡದ್ದು ಅದೊಂದೇ ದಾರಿ.

ದೇವಸ್ಥಾನದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತ.

"ಏನಮ್ಮ ಮಾಡ್ದೆ ಇದು? ನಾಳೆ ಅವರು ಬರ್ತಾರೆ."

"ಬರ್ಲಿ. ಬಂದ್ರೆ ಊಟ ಹಾಕಾನ. ಗಿಡ ಕಿತ್ತೋಗದೆ, ತಿರ್ಗಾ ನೆಡ್ಬೇಕು. ಬೇರ್ ಬುಟ್ಮೇಲೆ ಕಳಿಸ್ತೀನಿ ಅಂದಿದ್ದು ನೀನೇ ತಾನೇ."

"ಅದು ತಮಾಷೆಗೆ ಅಂದಿದ್ದು."

"ತಮಾಷೇಗಾ? ಮಾತು ಅಂದ್ರೆ ಮಾತು ಅಂತ ನಾಕ್ ಜನದ್ ಮುಂದೆ ಅಂದ್ಯಲ್ಲಪ್ಪ."

ಅಪ್ಪ ಚಪ್ಪಲಿ ಬಿಡದೆ ಹಾಗೇ ಹೊರಗೆ ಹೋದ. ಅತ್ತೆಯೂ ನಾನೂ ಮೋರಿಗೆ ಹೋಗಲಿದ್ದ ಬೇರುಗಳನ್ನು ಆರಿಸಿ, ಹೊಸ ನೀರು ಬಿಟ್ಟು, ಕೆಸರಿನಲ್ಲೇ ಕೈಯಾಡಿಸಿ ನೆಟ್ಟೆವು. ಅಡುಗೆಮನೆಯ ಬಾಗಿಲಿಗೆ ಒರಗಿ ಅಮ್ಮ ನೋಡುತ್ತಿದ್ದಳು. ಹತ್ತಿರ ಬರಲಿಲ್ಲ.

ಮಾರನೆಯ ದಿನ ಅವರು ಬಂದರು. ಊಟ ಮಾಡಿದರು. ಅಪ್ಪನ ಮುಖ ಗಂಟಿಕ್ಕಿತ್ತು. ಕೊಟ್ಟ ಮಾತಿನ ಹಟವೋ, ಕಳಿಸಿ ಮುಗಿಸಬೇಕೆಂಬ ಆತುರವೋ, ಅವನಿಗೇ ತೀರ್ಮಾನವಾಗಿರಲಿಲ್ಲ. ಬ್ಯಾಗು ಬಾಗಿಲ ಹತ್ತಿರ ಇತ್ತು. ಮಾವನ ತಂದೆಗೆ ಗಿಡದ ಕಥೆ ಕೇಳಿ ರೇಗಿಹೋಯಿತು. ಮಾವ ಮಾತ್ರ ನಗುತ್ತಲೇ ಎದ್ದು ತೊಟ್ಟಿಯ ಹತ್ತಿರ ಬಂದ. ಅತ್ತೆ ಅದರ ಮುಂದೆ ನಿಂತಿದ್ದಳು.

"ಎಲ್ಲೈತೆ ಆ ಗಿಡ, ತೋರ್ಸು," ಎಂದು ಗಾಜಿನ ಮೇಲೆ ಬೆರಳಿಡಲು ಕೈ ಎತ್ತಿದ.

ಅಷ್ಟೇ. ಅವನು ಏನೂ ಮಾಡಲಿಲ್ಲ. ಅವನ ಕೈ ಗಾಜಿನ ಕಡೆಗೇ ಹೋಗುತ್ತಿತ್ತು. ಆದರೆ ಅತ್ತೆ ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು, ಬೆನ್ನು ಬಗ್ಗಿಸಿ, ಗೋಡೆಗೆ ಒತ್ತಿಕೊಂಡುಬಿಟ್ಟಳು. ನನ್ನ ಅತ್ತೆಯ ದೇಹಕ್ಕೆ ಅದು ಪಾಠವಾಗಿತ್ತು. ಹಾಲಿನಲ್ಲಿ ಮಗ್ಗದ ಸದ್ದು ಮಾತ್ರ. ಮಾವ ಕೈಯನ್ನು ಇಳಿಸಲೂ ಆಗದೆ, ಗಾಜು ಮುಟ್ಟಲೂ ಆಗದೆ ನಿಂತ. ಅಪ್ಪ ತಂಗಿಯನ್ನು ನೋಡಿದ, ಆಮೇಲೆ ಅಜ್ಜಿಯನ್ನು. ಅಜ್ಜಿ ಅವನನ್ನೇ ನೋಡುತ್ತಿದ್ದಳು, ಕಣ್ಣು ತೆಗೆಯಲಿಲ್ಲ. ಅಪ್ಪ ಎದ್ದು ಬಾಗಿಲ ಹತ್ತಿರದ ಬ್ಯಾಗನ್ನು ಎತ್ತಿಕೊಂಡು ನಡುಮನೆಯೊಳಗೆ ಇಟ್ಟು ಬಂದ.

"ಗಿಡ ಇನ್ನೂ ಬೇರು ಬಿಟ್ಟಿಲ್ಲ," ಅಂದ. "ನೀವು ಹೊರಡಿ."

ಅವರು ಹೋದಮೇಲೆ ಮನೆಯಲ್ಲಿ ಹಬ್ಬವಾಯಿತು ಎಂದು ಯಾರೂ ತಿಳಿಯಬಾರದು. ಅಪ್ಪ ಅವತ್ತು ಊಟ ಮಾಡಲಿಲ್ಲ. ಬಹಳ ಕಾಲ ತಂಗಿಯ ಮುಖ ನೋಡಿ ಮಾತಾಡಲೂ ಆಗಲಿಲ್ಲ ಅವನಿಗೆ. ಆಮೇಲೆ ಪಂಚಾಯ್ತಿ, ಕೋರ್ಟು, ನೆಂಟರ ಕೊಂಕು ಎಲ್ಲ ಬಂದವು. ಅತ್ತೆ ಬಾಶೆಟ್ಟಿಹಳ್ಳಿಯಲ್ಲಿ ಕೆಲಸಕ್ಕೆ ಸೇರಿದಳು, ಶಿಫ್ಟಿನ ಬಸ್ಸು ಹಿಡಿದಳು. ಬೀದಿಯಲ್ಲಿ ಯಾರಾದರೂ ಕೈ ಎತ್ತಿ ಕೂಗಿದರೆ ಇಂದಿಗೂ ಅವಳ ಹೆಗಲು ಕುಗ್ಗುತ್ತದೆ. ಅವರು ಹೋದ ದಿನದ ಸಂಜೆ ನನಗೆ ಇನ್ನೂ ಒಂದು ಕಾರಣಕ್ಕೆ ನೆನಪಿದೆ. ಅಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು, ಮುಖದ ಮೇಲೆ ನೀರಿಳಿಯುತ್ತಿತ್ತು. ಅತ್ತೆ ಹೋಗಲಿಲ್ಲವೆಂದು ಸಂತೋಷವೇ ಎಂದು ಕೇಳಿದೆ.

"ನನ್ ತವರಲ್ಲಿ ಮೀನಿನ ತೊಟ್ಟಿ ಇರ್ಲಿಲ್ಲ ಕಣೇ," ಅಂದಳು.

ಅವಳೂ ಒಂದು ಆಷಾಢದಲ್ಲಿ ತವರಿಗೆ ಹೋಗಿ, ಇನ್ನು ಬರುವುದಿಲ್ಲ ಎಂದಿದ್ದಳಂತೆ. ಅವಳ ಅಪ್ಪ ಮಡಿಲಕ್ಕಿ ತುಂಬಿ, ತಾನೇ ಬಸ್ಸು ಹತ್ತಿಸಿ ಕರೆತಂದು, ನಮ್ಮ ಊರಿನ ಮನೆಯ ಜಗಲಿಯಲ್ಲಿ ಬಿಟ್ಟು ಹೋಗಿದ್ದರು. ಆಗ ಅವಳನ್ನು ಒಳಗೆ ಕರೆದುಕೊಂಡು, ಮೂರು ಹೊತ್ತೂ ಮಾತಿನಲ್ಲಿ ಚುಚ್ಚಿದವಳು ಇದೇ ಅಜ್ಜಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಅಮ್ಮನ ಕಾಲ ಬಂದಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು, ಅಮ್ಮ ಅವಳಿಗೆ ಗಂಜಿ ಕುಡಿಸುತ್ತಿದ್ದಳು. ಅಜ್ಜಿ ನನಗೆ ಇಂದಿಗೂ ಇತ್ಯರ್ಥವಾಗದ ಹೆಂಗಸು. ಅವಳನ್ನು ನೆನೆದರೆ ಹೆಮ್ಮೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಗಿಡ ಮತ್ತೆ ಬಂತು. ಮುಟ್ಟದೆ ಬಿಟ್ಟದ್ದಕ್ಕೆ ಎಂಥ ಬೆಳೆ ಬಂತೆಂದರೆ, ವರ್ಷಗಳು ಕಳೆದಂತೆ ತೊಟ್ಟಿಯಲ್ಲಿ ಮೀನು ಕಾಣದಷ್ಟು ದಟ್ಟವಾಯಿತು. ಮೀನುಗಳೂ ಸಾಯುವುದು ಕಡಿಮೆಯಾಯಿತು. ಮದುವೆ ಮುಂಜಿಗೆ ಬಂದ ನೆಂಟರು ಗಿರಿಜಾ ಯಾವಾಗ ಗಂಡನ ಮನೆಗೆ ಎಂದು ಕೊಂಕಿನಿಂದ ಕೇಳಿದರೆ, ಅಪ್ಪ ಆ ಹಸಿರು ಪೊದೆಯ ಮುಂದೆಯೇ ನಿಂತು, ಮುಖ ಒಂದಿಷ್ಟೂ ಬದಲಾಗದೆ ಅನ್ನುತ್ತಿದ್ದ: "ಗಿಡ ಇನ್ನೂ ಬೇರು ಬಿಟ್ಟಿಲ್ಲ." ಸುಳ್ಳಾಡದವನು ಎಂಬ ತನ್ನ ಹೆಸರನ್ನು ಅವನು ಖರ್ಚು ಮಾಡಿದ್ದು ಅದೊಂದರ ಮೇಲೆ.

ನನ್ನ ಮದುವೆಯಾಗಿ ಹೊಸಕೋಟೆಗೆ ಹೊರಟ ದಿನ, ಕಾರು ಬಾಗಿಲಲ್ಲಿ ನಿಂತಿತ್ತು. ಎಲ್ಲರೂ ಹೊರಗಿದ್ದರು. ಅಮ್ಮ ಒಳಗಿಂದ ನನ್ನನ್ನು ಕರೆದಳು. ಹೋಗಿ ನೋಡಿದರೆ ತೊಟ್ಟಿಯ ಮುಂದೆ ನಿಂತಿದ್ದಳು, ರೇಷ್ಮೆ ಸೀರೆಯಲ್ಲಿ. ನಾನು ನೋಡುತ್ತಿದ್ದಂತೆ ತೋಳು ಮೇಲೇರಿಸಿ, ಹಸಿರು ಬಳೆಗಳೆಲ್ಲ ಮುಳುಗುವಂತೆ ಕೈಯನ್ನು ನೀರಿಗೆ ಇಳಿಸಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಪೊದೆಯ ಅಂಚಿನಿಂದ ಒಂದು ಗಿಡ ಬುಡಸಮೇತ ಕಿತ್ತಳು. ಬೇರು ಹರಿಯುವ ಸದ್ದಿಲ್ಲದಿದ್ದರೂ ನೀರು ಕದಡಿತು. ಅದನ್ನು ಇನ್ನೊಂದು ಮೂಲೆಯಲ್ಲಿ, ಖಾಲಿ ಜಾಗದಲ್ಲಿ, ಬೆರಳಿನಿಂದ ಮರಳು ಬಗೆದು ನೆಟ್ಟಳು. ಕೈ ಹೊರಗೆ ತೆಗೆದು, ಸೀರೆಗೆ ಒರೆಸಿಕೊಳ್ಳದೆ, ನೀರು ತೊಟ್ಟಿಕ್ಕುತ್ತಿದ್ದ ಆ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದಳು.

"ಈಗ ತಾನೆ ನೆಟ್ಟಿದ್ದೀನಿ," ಅಂದಳು. "ಬೇರು ಬಿಡೋಕೆ ಟೈಮ್ ಬೇಕು. ನೀನು ಯಾವಾಗ ಬಂದ್ರೂ ಇದು ಬೇರು ಬಿಟ್ಟಿರಲ್ಲ. ಗೊತ್ತಾಯ್ತಾ?"